ಮಗನಿಗೆ ಸಲ್ಲದ ಗ್ರಂಥ

ನನ್ನ ಅಪ್ಪನಿಗೆ ಮಂತ್ರ ಗೊತ್ತಿತ್ತು, ನನಗೆ ಗೊತ್ತಿಲ್ಲ. ನನ್ನ ಭಾವನಿಗೆ ಗೊತ್ತಿದೆ ಎಂದು ಊರಿನವರು ಬಹಳ ಕಾಲ ನಂಬಿದ್ದರು. ನಾನೂ ನಂಬಿದ್ದೆ. ಆ ಕಾಲದುದ್ದಕ್ಕೂ ನನಗಿದ್ದ ಕಾಯಿಲೆಗೆ ಕನ್ನಡದಲ್ಲಿ ಒಳ್ಳೆಯ ಹೆಸರೇ ಇದೆ, ಹೊಟ್ಟೆಕಿಚ್ಚು. ಅದನ್ನು ಬೇಸರ, ಅಸಮಾಧಾನ ಎಂದೆಲ್ಲ ನಯವಾಗಿ ಹೇಳುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಭಾವನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ಭಾವ ಎಂದರೆ ಅಪ್ಪನ ತಂಗಿಯ ಮಗ. ನನಗಿಂತ ಒಂದು ವರ್ಷಕ್ಕೆ ದೊಡ್ಡವನು. ನಾನು ಅವನನ್ನು ಭಾವ ಎನ್ನುತ್ತಿದ್ದೆ, ಅವನೂ ನನ್ನನ್ನು ಭಾವ ಎನ್ನುತ್ತಿದ್ದ. ನಮ್ಮದು ಅಳಿಯಸಂತಾನದ ಮನೆತನ. ಗಂಡಸಿನ ಸೊತ್ತು ಅವನ ಮಕ್ಕಳಿಗೆ ಹೋಗುವುದಿಲ್ಲ, ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತದೆ. ಅಪ್ಪ ಹುಟ್ಟಿದ ಕುಟುಂಬದ ಮನೆ ಸುಳ್ಯದ ಹತ್ತಿರ ಅಜ್ಜಾವರದಲ್ಲಿತ್ತು. ನಾವು ಇದ್ದದ್ದು ಕಡಬದ ಹತ್ತಿರ, ಅಮ್ಮನ ಪಾಲಿಗೆ ಬಂದ ಜಾಗದಲ್ಲಿ. ಅಪ್ಪ ನಮ್ಮಲ್ಲಿ ಉಣ್ಣುತ್ತಿದ್ದರು, ನಮ್ಮಲ್ಲಿ ಮಲಗುತ್ತಿದ್ದರು, ನಮ್ಮ ಹಟ್ಟಿಯ ದನಗಳನ್ನು ಬೈಯುತ್ತಿದ್ದರು. ಆದರೆ ಲೆಕ್ಕದಲ್ಲಿ ಅವರು ಅಜ್ಜಾವರದವರು. ಆ ಲೆಕ್ಕದ ಪ್ರಕಾರ ನಾನು ನನ್ನ ಅಪ್ಪನಿಗೆ ಒಬ್ಬ ಹತ್ತಿರದ ನೆಂಟ, ಅಷ್ಟೇ.

ಆಸ್ತಿಯ ವಿಷಯದಲ್ಲಿ ನನಗೆ ತಕರಾರು ಇರಲಿಲ್ಲ. ಎಪ್ಪತ್ತರ ದಶಕದ ಹೊತ್ತಿಗೆ ಕಾನೂನುಗಳು ಬದಲಾಗಿ ಮಗನಿಗೂ ಏನಾದರೂ ಸಿಗುವ ಹಾಗಾಗಿತ್ತು. ಆದರೆ ಗ್ರಂಥಕ್ಕೆ ಯಾವ ಸರಕಾರವೂ ಕಾನೂನು ಮಾಡಲಿಲ್ಲ. ಅದು ಹಳೆಯ ದಾರಿಯಲ್ಲೇ ನಡೆಯುತ್ತಿತ್ತು, ಸೋದರಮಾವನಿಂದ ಸೋದರಳಿಯನಿಗೆ.

ಗ್ರಂಥ ಎಂದರೆ ಎರಡು ಮರದ ಹಲಗೆಗಳ ನಡುವೆ ದಾರ ಪೋಣಿಸಿದ ತಾಳೆಗರಿಯ ಕಟ್ಟು. ಕೆಂಪು ಬಟ್ಟೆಯಲ್ಲಿ ಸುತ್ತಿ ಅಜ್ಜಾವರದ ಮನೆಯ ಒಳಕೋಣೆಯ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಹಳೆಯ ತುಳು ಲಿಪಿ, ಮಲೆಯಾಳವೂ ತುಳುವೂ ಸಂಸ್ಕೃತವೂ ಕಲಸಿದ ಮಾತು. ಮಗು ಬೆಚ್ಚಿಬಿದ್ದರೆ ಏನು ಮಾಡಬೇಕು, ದನ ಹಾಲು ಬತ್ತಿಸಿದರೆ ಏನು ಮಾಡಬೇಕು, ಕಣ್ಣು ತಾಗಿದರೆ, ಹಾವು ಒಳಗೆ ಬಂದರೆ, ಕಳೆದದ್ದು ಸಿಗಬೇಕಾದರೆ, ಹೀಗೆ. ನಾನೂರು ವರ್ಷಗಳ ಹಿಂದಿನದೆಂದು ಮನೆಯವರು ಹೇಳುತ್ತಿದ್ದರು. ಬರೆದದ್ದು ಮಾತ್ರ ಅರ್ಧವೇ. ಪ್ರತಿಯೊಂದು ಪ್ರಯೋಗದ ಕೊನೆಯಲ್ಲಿ ಹೇಳಬೇಕಾದ ಮಾತಿನ ಜಾಗದಲ್ಲಿ ಗರಿಯ ಮೇಲೆ ಒಂದು ಸೊನ್ನೆ ಕೊರೆದಿದ್ದರು. ಆ ಮಾತು ಬಾಯಿಂದ ಕಿವಿಗೆ ಮಾತ್ರ ಹೋಗಬೇಕು. ಅದಕ್ಕೆ ಉಪದೇಶ ಎನ್ನುತ್ತಿದ್ದರು. ಮಾವ ತನ್ನ ಕೊನೆಗಾಲದಲ್ಲಿ ಅಳಿಯನಿಗೆ ಅದನ್ನು ಕೊಡಬೇಕು. ಮೊದಲೇ ಕೊಟ್ಟರೆ ಕೊಟ್ಟವನ ಬಾಯಲ್ಲಿ ಅದು ಕೆಲಸ ಮಾಡುವುದಿಲ್ಲ ಎಂಬ ನಂಬಿಕೆ.

ಚಿಕ್ಕಂದಿನಲ್ಲಿ ಅಪ್ಪ ನನ್ನನ್ನು ಅಜ್ಜಾವರಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಬಸ್ಸಿನಲ್ಲಿ ನಾನು ಅವರ ಪಕ್ಕದಲ್ಲಿ ಕೂತಿರುತ್ತಿದ್ದೆ, ಅಲ್ಲಿಯವರೆಗೆ ಅವರು ನನ್ನವರು. ಮನೆ ಮುಟ್ಟಿದ ಮೇಲೆ ಭಾವ ಸ್ನಾನ ಮಾಡಿ, ತಲೆ ಒರೆಸಿಕೊಂಡು ಬಂದು ಅವರೆದುರು ಚಾಪೆಯಲ್ಲಿ ಕೂರುತ್ತಿದ್ದ. ಹರಿವಾಣದಲ್ಲಿ ಅಕ್ಕಿ ಹರವಿ, ಅಪ್ಪ ಅವನ ಬೆರಳು ಹಿಡಿದು ಹಳೆಯ ಅಕ್ಷರ ತಿದ್ದಿಸುತ್ತಿದ್ದರು. ನನಗೆ ಅಕ್ಷರ ಕಲಿಸಿದವರು ಕಡಬದ ಶಾಲೆಯ ಮಾಸ್ತರರು, ಅವರು ಹಿಡಿಯುತ್ತಿದ್ದದ್ದು ಕಿವಿಯನ್ನು. ನಾನು ಹೊಸ್ತಿಲಲ್ಲಿ ನಿಂತು ಇಣುಕಿದರೆ ಅಪ್ಪ, "ಮಗ, ನೀನು ಹೊರಗೆ ಆಡು" ಎನ್ನುತ್ತಿದ್ದರು.

ಇನ್ನೊಂದು ಸಂಗತಿ ಆಗಲೇ ನನ್ನ ಮನಸ್ಸಿಗೆ ಚುಚ್ಚಿತ್ತು. ಅಪ್ಪ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಮಗ, ಓ ಮಗ, ಅಷ್ಟೇ. ಭಾವನನ್ನು ಮಾತ್ರ ಪೂರ್ತಿ ಹೆಸರಿನಿಂದ ಕರೆಯುತ್ತಿದ್ದರು, ಕೊನೆಯ ಅಕ್ಷರವನ್ನು ಸ್ವಲ್ಪ ಎಳೆದು. ಆ ಮನೆಯ ಅಂಗಳದಲ್ಲಿ ಆ ಕರೆ ಕೇಳಿದಾಗಲೆಲ್ಲ ನಾನು ಕೈಯಲ್ಲಿದ್ದದ್ದನ್ನು ಬಿಸಾಡುತ್ತಿದ್ದೆ. ಅಮ್ಮನ ಹತ್ತಿರ ದೂರು ಹೇಳಿದರೆ ಅವಳು, "ಅದು ಅವರ ಕುಟುಂಬದ್ದು ಮಗ. ಅದರ ಗೊಡವೆ ನಿನಗೆ ಎಂತಕ್ಕೆ?" ಎನ್ನುತ್ತಿದ್ದಳು. ಅವಳಿಗೆ ನಾನು ಮಂತ್ರದ ವಿಷಯ ಮಾತಾಡುತ್ತಿದ್ದೇನೆ ಎನ್ನಿಸಿರಬೇಕು.

ಗ್ರಂಥದಿಂದ ನನಗೆ ಸಿಕ್ಕಿದ್ದು ಒಂದೇ ಒಂದು ಸಲ. ಹೊಳೆ ದಾಟುವ ಮರದ ಕಾಲುಸಂಕದಲ್ಲಿ ಕಾಲು ಜಾರಿ, ಯಾರೋ ತೋಳು ಹಿಡಿದೆಳೆದು ಉಳಿಸಿದ್ದರು. ಆಮೇಲೆ ನಾನು ನಿದ್ದೆಯಲ್ಲಿ ಕಿರುಚಲು ಸುರುಮಾಡಿದೆ, ಹಗಲಲ್ಲೂ ಮಾತು ತೊದಲಿತು. ಅಪ್ಪ ಮುಸ್ಸಂಜೆಗೆ ನನ್ನನ್ನು ಅಂಗಳದಲ್ಲಿ ಮೂಡು ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿದರು. ಅಕ್ಕಿ ಗೇರುವ ಹೊಸ ಗೆರಸೆಯಲ್ಲಿ ತೌಡು ಸುರಿದು ನನ್ನ ಮೂಗಿನ ಹತ್ತಿರ ಹಿಡಿದು ಮೂಸಲು ಹೇಳಿದರು. ನಾನು ಮೂಸಿ ಸೀನಿದೆ. ಆಮೇಲೆ ತಮ್ಮ ಎರಡು ಹೆಬ್ಬೆರಳುಗಳಿಂದ ನನ್ನ ಹಣೆಯ ಎರಡೂ ಬದಿಗಳನ್ನು, ಕೂದಲು ಸುರುವಾಗುವಲ್ಲಿ, ಬಹಳ ಹೊತ್ತು ಮೆಲ್ಲಗೆ ಸವರಿದರು. ಕೊನೆಗೆ ಅವರ ತುಟಿ ಅಲ್ಲಾಡಿತು. ನನಗೆ ಕೇಳಿಸಲಿಲ್ಲ, ಕೇಳಿಸಬಾರದು ಕೂಡ. ಮೂರ್ನಾಲ್ಕು ದಿನಗಳಲ್ಲಿ ನಾನು ಸರಿಯಾದೆ. ಅಪ್ಪ ಅಷ್ಟು ಹೊತ್ತು ನನ್ನನ್ನು ಮುಟ್ಟಿದ್ದು ಆಗ ಮಾತ್ರ, ಹಾಗಾಗಿ ಇವತ್ತಿಗೂ ತೌಡಿನ ವಾಸನೆ ಬಂದರೆ ನಾನು ನಿಂತುಬಿಡುತ್ತೇನೆ.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಪುತ್ತೂರಿನ ಒಂದು ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕನಾಗಿ ಸೇರಿದೆ. ಅದಕ್ಕೆ ಮೊದಲು, ಎಂ.ಎ. ಓದುವಾಗ, ಹಸ್ತಪ್ರತಿ ಓದುವ ತರಗತಿಗೆ ಸೇರಿ ಹಳೆಯ ಲಿಪಿ ಕಲಿತಿದ್ದೆ. ಎಲ್ಲರೂ ನನಗೆ ವಿದ್ಯೆಯಲ್ಲಿ ಬಹಳ ಆಸಕ್ತಿ ಎಂದು ಹೊಗಳಿದರು. ಆಸಕ್ತಿಯೂ ಇಲ್ಲ, ಮಣ್ಣೂ ಇಲ್ಲ. ಅಕ್ಕಿಯಲ್ಲಿ ಅವನು ಕಲಿತದ್ದನ್ನು ನಾನು ಕಾಗದದಲ್ಲಿ ಕಲಿಯಬೇಕೆಂಬ ಹಠ, ಅಷ್ಟೇ.

ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಹಿರಿಯರೊಬ್ಬರು ಇದ್ದರು. ಸಂಜೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತ ಅವರು ಯುರೋಪಿನ ಕತೆಗಳನ್ನು ಹೇಳುತ್ತಿದ್ದರು. ನಮ್ಮ ಮನೆಯ ಗ್ರಂಥದ ಸುದ್ದಿ ಬಂದಾಗ ಒಂದು ದಿನ ಹೇಳಿದರು: ಸುಮಾರು ಅದೇ ಕಾಲದಲ್ಲಿ, ಅಲ್ಲಿ ವಿದ್ಯೆಗೆ ಹೊಸ ಚಿಗುರು ಬಂದಿದ್ದಾಗ, ಒಬ್ಬ ದೊಡ್ಡ ಪಂಡಿತ ಮಾಂತ್ರಿಕ ವಿದ್ಯೆಯ ಮೇಲೆ ಮೂರು ಭಾಗಗಳ ಗ್ರಂಥ ಬರೆದ. ಅವನು ಸತ್ತು ಬಹಳ ವರ್ಷಗಳ ಮೇಲೆ, ಅವನ ಹೆಸರಿನಲ್ಲೇ ನಾಲ್ಕನೆಯ ಭಾಗ ಹೊರಗೆ ಬಂತು. ಜನ ಕೊಂಡರು, ಓದಿದರು, ನಂಬಿದರು. ಆಗ ಪಂಡಿತನ ಹಳೆಯ ಶಿಷ್ಯ ಒಬ್ಬ ಎದ್ದು ನಿಂತು, ಇದು ನನ್ನ ಗುರು ಬರೆದದ್ದಲ್ಲ, ಯಾರೋ ಅವನ ಹೆಸರು ಅಂಟಿಸಿದ್ದಾರೆ ಎಂದು ಕೂಗಾಡಿದ. ಆ ಶಿಷ್ಯ ಗುರುವಿನ ಮನೆಯಲ್ಲೇ ಇದ್ದು ಕಲಿತವನಂತೆ.

"ಸತ್ಯಕ್ಕಾಗಿ ಹೋರಾಡಿದ ಮನುಷ್ಯ" ಎಂದರು ಹಿರಿಯರು. ನನಗೆ ಹಾಗೆ ಅನ್ನಿಸಲಿಲ್ಲ. ಗುರುವಿನ ಮನೆಯಲ್ಲಿ ಉಂಡು ಮಲಗಿದ ತನ್ನ ಕಣ್ಣಿಗೆ ಬೀಳದ ಪುಸ್ತಕ ಹೊರಗಿನ ಯಾರ ಕೈಗೋ ಸಿಕ್ಕಿತು ಎಂದರೆ ಆ ಶಿಷ್ಯನಿಗೆ ಏನಾಗಿರಬೇಕು? ಅವನು ಹೇಳಿದ್ದು ಸತ್ಯವೇ ಇರಬಹುದು. ಆದರೆ ಅವನ ಸ್ವರ ಯಾವುದೆಂದು ನನಗೆ ಚೆನ್ನಾಗಿ ಗೊತ್ತಾಯಿತು. ಆ ಸಂಜೆಯೇ ನಾನು ನಮ್ಮ ಗ್ರಂಥದ ಹುಟ್ಟನ್ನು ಹುಡುಕುವುದೆಂದು ತೀರ್ಮಾನಿಸಿದೆ.

ನಮ್ಮ ಗ್ರಂಥಕ್ಕೂ ಅಂಥದೇ ಒಂದು ಜಗಳವಿತ್ತು. ಅಜ್ಜಾವರದ ಪ್ರತಿಯ ಕೊನೆಯಲ್ಲಿ ಕುಟುಂಬದ ಒಬ್ಬ ಹಿರಿಯನ ಹೆಸರಿದೆ, ಅವನೇ ಬರೆದವನೆಂದು ನಮ್ಮವರು ಹೇಳುತ್ತಿದ್ದರು. ಆ ಹಿರಿಯ ಮದುವೆಯಾದದ್ದು ರಾಮಕುಂಜದ ಒಂದು ಮನೆಯಿಂದ. ಆ ಮನೆಯಲ್ಲೂ ಒಂದು ಕಟ್ಟು ಇದೆ. ಅವರ ಮಾತು ಬೇರೆ: ಗ್ರಂಥ ಬರೆದದ್ದು ಆ ಹಿರಿಯನಲ್ಲ, ಅವನ ಮಗ. ಅಜ್ಜಾವರದ ಅಳಿಯ ಬಂದು ಅದನ್ನು ನಕಲು ಮಾಡಿಕೊಂಡು, ಕೊನೆಗೆ ತನ್ನ ಮಾವನ ಹೆಸರು ಕೊರೆದುಬಿಟ್ಟ. ಎರಡು ಮನೆಗಳ ನಡುವೆ ಇದರಿಂದ ಹೋಗಿ ಬರುವುದೂ ಕಮ್ಮಿಯಾಗಿತ್ತು.

ಮಗನೋ ಅಳಿಯನೋ! ನಾನೂರು ವರ್ಷಗಳ ಹಿಂದೆಯೇ ನನ್ನ ಹಾಗೆ ಒಬ್ಬ ಮಗ ಹೊಸ್ತಿಲಲ್ಲಿ ನಿಂತಿದ್ದ. ನಾನು ಯಾರ ಪಕ್ಷ ಎಂದು ಹೇಳಬೇಕಾಗಿಲ್ಲ. ಗ್ರಂಥ ಮೊದಲು ಮಗನದೇ ಆಗಿತ್ತು ಎಂದು ತೋರಿಸಿಕೊಟ್ಟರೆ, ಅಪ್ಪನ ಬಾಯಲ್ಲಿರುವ ಆ ಮಾತಿಗೆ ಹಕ್ಕು ನನ್ನದು. ನನಗೆ ಬೇಕಾಗಿದ್ದದ್ದು ಅದು.

ರಾಮಕುಂಜದ ಮನೆಯಲ್ಲಿ ಆಗ ಯಜಮಾನಿಕೆ ಒಬ್ಬ ಅಜ್ಜಿಯದ್ದು. ನಾನು ಯಾರ ಮಗನೆಂದು ಹೇಳಿದ ಕೂಡಲೇ ಅವರ ಮುಖ ಗಂಟಾಯಿತು.

"ಅಜ್ಜಾವರದವರು ಕಳುಹಿಸಿದ್ದಾ?"

"ಇಲ್ಲ ಅಜ್ಜಿ. ನಾನು ಮಗ. ಅಳಿಯ ಅಲ್ಲ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕರು. "ಹಾಗಾದ್ರೆ ಒಳಗೆ ಬನ್ನಿ ಮಾರಾಯ್ರೆ. ನಮ್ಮ ಕಷ್ಟ ನಿಮಗೆ ಅರ್ಥ ಆದೀತು."

ಕಾಲು ತೊಳೆದು ಕೂತ ಮೇಲೆ ಅವರು ಕತೆ ಹೇಳಿದರು. "ಅಪ್ಪ ಬಾಯಲ್ಲಿ ಹೇಳಿರಬಹುದು. ಇಲ್ಲ ಅಂತ ನಾವು ಹೇಳುದಿಲ್ಲ. ಆದ್ರೆ ಕೂತು ಬರೆದವ ಯಾರು? ಮಗ. ರಾತ್ರಿ ಅಪ್ಪನ ಕಾಲು ಒತ್ತಿದವ ಯಾರು? ಮಗ. ಹೆಸರು ಹಾಕುವಾಗ ಅಳಿಯ ಬಂದ. ಇದು ನ್ಯಾಯವಾ?"

ಅಲ್ಲ ಎಂದೆ. ಮನಸ್ಸಿನಿಂದ ಹೇಳಿದೆ.

ಅವರು ಕಟ್ಟನ್ನು ನನ್ನ ಮುಂದಿಟ್ಟರು. ಓದುತ್ತ ಹೋದೆ. ಮಗು ಬೆಚ್ಚಿಬಿದ್ದದ್ದಕ್ಕೆ ಹೇಳಿದ ಪ್ರಯೋಗ ಬಂತು. ಮುಸ್ಸಂಜೆಗೆ ಮೂಡು ಮುಖ ನಿಲ್ಲಿಸಬೇಕು ಎಂಬಲ್ಲಿಗೆ ಗರಿ ಮುಗಿಯಿತು. ಮುಂದಿನ ಗರಿ ತಿರುವಿದೆ: ಹೊಸ ಗೆರಸೆಯಲ್ಲಿ ತೌಡು ಇಟ್ಟು ಮೂಸಲು ಬಿಡಬೇಕು, ಕೊಂಬಿನ ಬುಡ ಸವರಬೇಕು, ಕೆಚ್ಚಲಿಗೆ ಬಿಸಿನೀರು ಸೋಕಿಸಬೇಕು.

ಕೊಂಬು! ಕೆಚ್ಚಲು! ನಾನು ದಾರ ಸಡಿಲಿಸಿ ಗರಿಗಳನ್ನು ಹಿಂದೆ ಮುಂದೆ ಮಾಡಿ ನೋಡಿದೆ. ಆ ಜಾಗದಲ್ಲಿ ಗರಿಗಳ ಅಂಚನ್ನು ಹುಳ ತಿಂದು, ಸಂಖ್ಯೆ ಹೋಗಿತ್ತು. ಯಾವ ಕಾಲದಲ್ಲೋ ದಾರ ಕಡಿದು, ಮತ್ತೆ ಪೋಣಿಸುವಾಗ ಎರಡು ಗರಿಗಳು ಅದಲುಬದಲಾಗಿದ್ದವು. ಸರಿಯಾಗಿ ಇಟ್ಟು ಓದಿದರೆ ತೌಡೂ ಕೊಂಬೂ ಕೆಚ್ಚಲೂ ಹಾಲು ಬತ್ತಿದ ದನಕ್ಕೆ ಹೋದವು. ಮಗುವಿನ ಪಾಲಿಗೆ ಬಂದದ್ದು ಇಷ್ಟು: ತಾಯಿಯ ಸೀರೆ ಹೊದೆಸಬೇಕು, ಓಗೊಡುವವರೆಗೆ ಹೆಸರು ಹಿಡಿದು ಕರೆಯಬೇಕು. ಆಮೇಲೆ ಸೊನ್ನೆ.

ಅಂದರೆ ಕಾಲುಸಂಕದಲ್ಲಿ ಜಾರಿದ ನನಗೆ ಅಪ್ಪ ಮಾಡಿದ್ದು ದನದ ಮದ್ದು. ನನ್ನ ಹಣೆಯಲ್ಲಿ ಅವರು ಸವರಿದ್ದು ನನ್ನ ಕೊಂಬಿನ ಬುಡ. ನಾನು ಆ ಅಜ್ಜಿಯ ಎದುರು ಜೋರಾಗಿ ನಕ್ಕೆ. ಯಾಕೆಂದು ಹೇಳಿದಾಗ ಅವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಿಮ್ಮ ಅಜ್ಜಾವರದಲ್ಲಿ ದನಕ್ಕೆ ಸೀರೆ ಹೊದೆಸ್ತಾರಾ ಹಾಗಾದ್ರೆ?" ಎಂದು ಕೇಳಿದರು. ಹೊದೆಸುತ್ತಿದ್ದರು. ಭಾವನ ಅಮ್ಮ, ನನ್ನ ಅತ್ತೆ, ತನ್ನ ಹಳೆಯ ಸೀರೆ ಹೊದೆಸಿ, ದನವನ್ನು ಹೆಸರು ಹಿಡಿದು ಕರೆಯುವುದನ್ನು ನಾನೇ ಕಂಡಿದ್ದೆ. ಆ ಮನೆಯ ದನಕ್ಕೆ ಸಿಕ್ಕಿದ್ದು ನನಗೆ ಸಿಕ್ಕಿರಲಿಲ್ಲ.

ಇನ್ನು ಅಜ್ಜಾವರದ ಪ್ರತಿ ನೋಡಬೇಕಿತ್ತು. ಆದರೆ ಅದನ್ನು ಮುಟ್ಟುವ ಹಕ್ಕು ಮಾವನಿಗೆ, ಅಳಿಯನಿಗೆ ಮಾತ್ರ. ಭಾವನನ್ನು ಕೇಳಿದೆ. ಅವನು ಕುಟುಂಬದ ತೋಟ ನೋಡಿಕೊಂಡಿದ್ದ, ಮಾತು ಕಡಿಮೆ. ನನಗೆ ಅದು ಸೊಕ್ಕು ಎನ್ನಿಸುತ್ತಿತ್ತು.

"ಮುಟ್ಟುದು ಬೇಡ ಭಾವ, ಮಾವನಿಗೆ ಬೇಜಾರಾದೀತು. ನಾನು ಓದಿ ಹೇಳ್ತೇನೆ, ನೀನು ಕೇಳು" ಎಂದ.

ಎಂ.ಎ. ಮಾಡಿದವನು, ಲಿಪಿ ಕಲಿತವನು, ಕೈಕಟ್ಟಿ ಕೂತು ಕೇಳಬೇಕು. ಹತ್ತನೆಯ ತರಗತಿಗೆ ನಿಲ್ಲಿಸಿದವನು ಓದಬೇಕು. ಅವನು ತಡವರಿಸದೆ ಓದಿದ. ಅವನ ಓದಿನಲ್ಲಿ ಅಪ್ಪನ ರಾಗವೇ ಇತ್ತು, ಅದನ್ನು ಸಹಿಸಿಕೊಂಡು ಕೂತಿದ್ದೆ. ಮಗುವಿನ ಪ್ರಯೋಗ ಬಂತು. ಮೂಡು ಮುಖ ನಿಲ್ಲಿಸಿ, ಹೊಸ ಗೆರಸೆಯಲ್ಲಿ ತೌಡು...

"ನಿಲ್ಲು. ಮೂಡು ಮುಖ ಅಂತ ಹೇಳಿದಲ್ಲಿ ಗರಿ ಮುಗಿಯಿತಾ?"

"ಇಲ್ಲ. ಗರಿಯ ನಡುವೆ ಉಂಟು. ಒಂದೇ ಸಾಲಿನಲ್ಲಿ."

ನನಗೆ ಎದ್ದು ಕುಣಿಯುವ ಹಾಗಾಯಿತು. ರಾಮಕುಂಜದಲ್ಲಿ ಗರಿಗಳು ಅದಲುಬದಲಾದ ಮೇಲೆ ಯಾರೋ ಅದನ್ನು ನೋಡಿ, ತಪ್ಪಿನ ಸಮೇತ ಸಾಲಿಗೆ ಸಾಲು ನಕಲು ಮಾಡಿದ್ದಾರೆ. ಮಂತ್ರದ ಗ್ರಂಥದಲ್ಲಿ ನಕಲು ಮಾಡುವವನು ಒಂದಕ್ಷರವನ್ನೂ ತಿದ್ದಬಾರದು, ಅರ್ಥವಾಗದಿದ್ದರೂ ಹಾಗೆಯೇ ಇಳಿಸಬೇಕು. ಮಗುವಿಗೆ ಕೊಂಬು ಎಂದು ಬಂದರೆ ಅವನು ಕೊಂಬು ಎಂದೇ ಬರೆದ. ಆಮೇಲೆ ಬಂದವರು ಕೊಂಬನ್ನು ಹಣೆ ಎಂದುಕೊಂಡರು, ಕೆಚ್ಚಲಿನ ಸಾಲನ್ನು ಸುಮ್ಮನೆ ಹಾರಿಸಿಬಿಟ್ಟರು. ರಾಮಕುಂಜದ್ದು ತಾಯಿ, ಅಜ್ಜಾವರದ್ದು ಮಗಳು.

ಪುತ್ತೂರಿನ ಹತ್ತಿರದ ಸವಣೂರಿನಲ್ಲಿ ಮೂರನೆಯ ಪ್ರತಿಯೊಂದು ಇದೆಯೆಂದು ಕೇಳಿ ಅಲ್ಲಿಗೂ ಹೋದೆ. ಅಡಿಕೆ ವ್ಯಾಪಾರದ ಮುಸ್ಲಿಂ ಬ್ಯಾರಿ ಯಜಮಾನರೊಬ್ಬರ ಮನೆ. ಅವರದ್ದು ಗರಿಯಲ್ಲ, ಕಾಗದ. ಅರಬಿ ಅಕ್ಷರ, ಮಲೆಯಾಳದ ಮಾತು. ಅವರ ಹಿರಿಯರೊಬ್ಬರು ಅಜ್ಜಾವರದ ನಮ್ಮ ಹಿರಿಯರೊಬ್ಬರಿಗೆ ಬಹಳ ಬೇಕಾದವರಾಗಿದ್ದು, ಕೇಳಿ ಬರೆದುಕೊಂಡದ್ದಂತೆ. "ಬರೆದವರು ನಮ್ಮ ಅಜ್ಜನ ಅಜ್ಜನೇ ಅಂತ ನಮ್ಮ ಮನೆಯ ಹೆಂಗಸರು ಹೇಳುದುಂಟು ಮಾಸ್ಟ್ರೇ. ನೀವು ಅದನ್ನು ಸುಳ್ಳು ಮಾಡ್ಲಿಕ್ಕೆ ಬಂದದ್ದಲ್ಲ ಅಲ್ವಾ?" ಎಂದು ನಗುತ್ತ ಓದಿ ಹೇಳಿದರು. ದೇವರ ಹೆಸರುಗಳು ಬದಲಾಗಿದ್ದವು. ತೌಡು ಬದಲಾಗಿರಲಿಲ್ಲ. ಅವರ ಮನೆಯ ಮಕ್ಕಳೂ ತಲೆತಲಾಂತರದಿಂದ ತೌಡು ಮೂಸಿ ಗುಣವಾಗಿದ್ದರು.

ನಾನು ಎಲ್ಲವನ್ನೂ ಬರೆದು, ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಲೇಖನವಾಗಿ ಅಚ್ಚು ಹಾಕಿಸಿ, ಕಡಬಕ್ಕೆ ಹೋಗಿ ಅಪ್ಪನ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ನಾನು ಉಗುರು ಕಚ್ಚುತ್ತ ಎದುರು ಕೂತಿದ್ದೆ.

"ಹಾಗಾದ್ರೆ ನಿನಗೆ ಮಾಡಿದ್ದು ದನದ್ದು" ಎಂದು ನಕ್ಕರು.

"ಹೌದು."

"ಗುಣ ಆಯ್ತಲ್ಲ?"

"ಅದಲ್ಲ ಅಪ್ಪ. ಗ್ರಂಥ ಹುಟ್ಟಿದ್ದು ರಾಮಕುಂಜದಲ್ಲಿ. ಮಗನ ಮನೆಯಲ್ಲಿ. ಬರೆದವ ಮಗ. ಅಳಿಯ ನಕಲು ಮಾಡಿದವ, ಅಷ್ಟೇ."

ಅಪ್ಪ ಕನ್ನಡಕ ತೆಗೆದು ಮಡಚಿದರು. "ಎಲ್ಲಿ ಬರೆದದ್ದು ಅಂತ ನಿನಗೆ ಸಿಕ್ಕಿದೆ. ಯಾರು ಬರೆದದ್ದು ಅಂತ ಸಿಗಲಿಲ್ಲ. ಹೆಂಡತಿ ಮನೆಯ ಜಗಲಿಯಲ್ಲಿ ಕೂತು ಆ ಹಿರಿಯರೇ ಬರೆದಿರಬಹುದಲ್ಲ ಮಗ? ನಾನೀಗ ಕೂತದ್ದು ಎಲ್ಲಿ?"

ಅವರು ಹೇಳಿದ್ದು ಸರಿ. ಲೇಖನದಲ್ಲಿ ಆ ತೂತು ನನಗೆ ಕಂಡಿರಲಿಲ್ಲ, ಯಾಕೆಂದರೆ ನೋಡಲು ನನಗೆ ಇಷ್ಟವಿರಲಿಲ್ಲ. ಗಂಡಸು ಕೂತದ್ದು ಒಂದು ಮನೆಯಲ್ಲಿ, ಸೇರಿದ್ದು ಇನ್ನೊಂದಕ್ಕೆ. ಎರಡೂ ಕಡೆಯವರಿಗೆ ಅವನು ತಮ್ಮವನೇ. ಇದನ್ನು ಬಿಡಿಸಲು ಯಾವ ಗರಿಯಿಂದಲೂ ಸಾಧ್ಯವಿರಲಿಲ್ಲ.

ನಾನು ಏಳುವಷ್ಟರಲ್ಲಿ ಅಪ್ಪ ಮತ್ತೆ ಕೇಳಿದರು. "ಹೆಸರು ಹಿಡಿದು ಕರೆಯುದು ಅಂತ ಉಂಟಾ ಅಲ್ಲಿ? ಸರಿಯಾಗಿ ನೋಡಿದ್ದೀಯಾ?"

"ಓಗೊಡುವವರೆಗೆ ಕರೆಯಬೇಕು ಅಂತ ಉಂಟು."

"ಅದನ್ನು ಇನ್ನೊಮ್ಮೆ ಓದು."

ಓದಿದೆ. ಅವರು ಹೂಂ ಎಂದರು. ಆಮೇಲೂ ಮಕ್ಕಳನ್ನು ಕರೆತಂದವರಿಗೆ ಅವರು ತೌಡೇ ಹಿಡಿದರು, ಹಣೆಯನ್ನೇ ಸವರಿದರು. ನನ್ನನ್ನು ಮಗ ಎಂದೇ ಕರೆದರು.

ಅಜ್ಜಾವರದವರಿಗೆ ನನ್ನ ಲೇಖನದಿಂದ ಸಿಟ್ಟು ಬಂತು, ಅತ್ತೆ ಒಂದು ವರ್ಷ ನನ್ನ ಹತ್ತಿರ ಮಾತಾಡಲಿಲ್ಲ. ಭಾವ ಮಾತ್ರ ಓದಿ, ಮಡಚಿ, "ಚಂದ ಬರೆದಿದ್ದೀ" ಎಂದ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಗೆದ್ದವನಿಗೆ ಮಾತ್ರ ಹಾಗೆ ಹೊಗಳಲು ಬರುತ್ತದೆ ಎಂದುಕೊಂಡೆ.

ಎಂಬತ್ತರ ದಶಕದ ಮೊದಲಲ್ಲಿ ಅಪ್ಪ ಹಾಸಿಗೆ ಹಿಡಿದರು. ಪುತ್ತೂರಿನ ಡಾಕ್ಟರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಯಾವ ಮನೆಗೆ ಎಂದು ಯಾರೂ ಕೇಳಲಿಲ್ಲ. ಬಾಡಿಗೆ ಕಾರಿನಲ್ಲಿ ಅಜ್ಜಾವರಕ್ಕೆ ಕರೆದುಕೊಂಡು ಹೋದೆವು. ಅಮ್ಮ ಅಲ್ಲಿ ನೆಂಟಳ ಹಾಗೆ ಮೂಲೆಯಲ್ಲಿ ಕೂತಿದ್ದಳು. ನನಗೆ ಆ ಮನೆಯ ಎಲ್ಲರ ಮೇಲೂ ಕೋಪವಿತ್ತು.

ಒಂದು ಮಧ್ಯಾಹ್ನ ಅಪ್ಪ ಭಾವನನ್ನು ಕರೆಯಲು ಹೇಳಿದರು. ಎಲ್ಲರಿಗೂ ಅರ್ಥವಾಯಿತು. ನಾವೆಲ್ಲ ಹೊರಗೆ ಬಂದೆವು. ಭಾವ ಕೈಕಾಲು ತೊಳೆದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ನಾನು ಜಗಲಿಯಲ್ಲಿ ಕೂತು ಆ ಬಾಗಿಲನ್ನೇ ನೋಡಿದೆ. ದಪ್ಪ ಹಲಸಿನ ಹಲಗೆ, ಏನೂ ಕೇಳಿಸುವುದಿಲ್ಲ. ಒಳಗೆ ನನ್ನ ಅಪ್ಪನ ಬಾಯಿ ಅವನ ಕಿವಿಯ ಹತ್ತಿರ ಇದೆ. ತಮ್ಮ ಕೊನೆಯ ಮಾತನ್ನು ಅಪ್ಪ ಅವನಿಗ್ಯಾಕೆ ಕೊಡಬೇಕು? ಎದ್ದು ಬಾಗಿಲು ಒದೆಯಬೇಕೆನ್ನಿಸಿತು. ಅಮ್ಮ ನನ್ನ ಮೊಣಕೈ ಹಿಡಿದಿದ್ದಳು.

ಬಹಳ ಹೊತ್ತಿನ ಮೇಲೆ ಭಾವ ಹೊರಗೆ ಬಂದ. ಮುಖ ಬಿಳಿಚಿಕೊಂಡಿತ್ತು. ನನ್ನ ಕಡೆ ನೋಡದೆ ತೋಟದ ಕಡೆ ಹೋದ. ನಾನು ಒಳಗೆ ಹೋದಾಗ ಅಪ್ಪನಿಗೆ ಪ್ರಜ್ಞೆ ಇರಲಿಲ್ಲ, ಮರುದಿನ ಹೋದರು.

ಆಮೇಲೆ ಏಳೆಂಟು ವರ್ಷ ನಾನು ಭಾವನನ್ನು ದ್ವೇಷಿಸಿದೆ ಎಂದೇ ಹೇಳಬೇಕು. ಅವನು ಯಾರಿಗೂ ಮಂತ್ರಿಸಿ ಕೊಡುತ್ತಿರಲಿಲ್ಲ. ಮಗುವನ್ನು ಎತ್ತಿಕೊಂಡು ಯಾರಾದರೂ ಬಂದರೆ, "ಸುಳ್ಯದಲ್ಲಿ ಒಳ್ಳೆ ಡಾಕ್ಟ್ರು ಇದ್ದಾರೆ, ಅಲ್ಲಿಗೆ ಹೋಗಿ" ಎಂದು ಕಳುಹಿಸುತ್ತಿದ್ದ. ಊರಿನಲ್ಲಿ ಅವನಿಗೆ ದುರಹಂಕಾರ ಎಂದರು. ನನ್ನ ಕೈಗೆ ಬಾರದ್ದನ್ನು ಪಡೆದುಕೊಂಡು, ಅದನ್ನು ಬಳಸದೆ ಕೂತಿದ್ದಾನಲ್ಲ ಎಂದು ನಾನು ಇನ್ನಷ್ಟು ಬೆಂದೆ. ಮದುವೆ ಮನೆಗಳಲ್ಲಿ ಸಿಕ್ಕಿದರೆ ಊಟದ ಪಂಕ್ತಿ ಬದಲಾಯಿಸಿ ಕೂರುತ್ತಿದ್ದೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಾಗ ಒಂದು ಆದಿತ್ಯವಾರ ಅವನು ಪುತ್ತೂರಿನ ನನ್ನ ಮನೆಗೆ ಬಂದ. ಕಂಕುಳಲ್ಲಿ ಕೆಂಪು ಬಟ್ಟೆಯ ಕಟ್ಟು. ಬೆಲ್ಲ ನೀರು ಕೊಟ್ಟರೆ ಕುಡಿಯದೆ, ಕಟ್ಟನ್ನು ಮೇಜಿನ ಮೇಲಿಟ್ಟ.

"ಇದು ನೀನೇ ಇಟ್ಟುಕೋ ಭಾವ. ನನ್ನ ಹತ್ತಿರ ಇದ್ದು ಪ್ರಯೋಜನ ಇಲ್ಲ."

"ಯಾಕೆ, ಉಪದೇಶ ಆದವನು ನೀನು."

"ಆಗಲಿಲ್ಲ."

ನನಗೆ ಅರ್ಥವಾಗಲಿಲ್ಲ. ಅವನು ನೆಲ ನೋಡುತ್ತ ಹೇಳಿದ.

"ಆ ದಿನ ಒಳಗೆ ಹೋದೆನಲ್ಲ. ಮಾವ ಕಣ್ಣು ಬಿಟ್ಟರು. ನಾನು ಕಿವಿ ಕೊಟ್ಟೆ. ಅವರು ನಿನ್ನ ಹೆಸರು ಹೇಳಿದ್ರು. ನಾನು, ಮಾವ, ಇದು ನಾನು ಅಂತ ಹೇಳಿದೆ. ಪುನಃ ನಿನ್ನ ಹೆಸರೇ. ನಿಲ್ಲಿಸ್ಲೇ ಇಲ್ಲ. ಕರೀತಾ ಇದ್ದರು, ಓಗೊಡುದು ಕೇಳ್ತದಾ ಅಂತ ಸುಮ್ಮನಾಗುದು, ಪುನಃ ಕರೆಯುದು. ಸ್ವರ ಇರಲಿಲ್ಲ, ಹಾಗಾಗಿ ನಿಮಗೆ ಹೊರಗೆ ಕೇಳಲಿಲ್ಲ."

"ನೀನು ಬಾಗಿಲು ತೆರೆದು ನನ್ನನ್ನು ಕರೀಲಿಲ್ಲ."

"ಇಲ್ಲ." ಅವನು ಮುಖ ಎತ್ತಿದ. "ಕರೆದ್ರೆ ನಿನಗೇ ಕೊಟ್ಟುಬಿಡ್ತಾರೆ ಅಂತ ಹೆದರಿದೆ. ಸಣ್ಣದರಿಂದ ಅದಕ್ಕೆ ಅಂತ ನನ್ನನ್ನು ಕೂರಿಸಿದ್ದು. ಎಲ್ಲ ಹುಡುಗರು ಆಡುವಾಗ ನಾನು ಅಕ್ಕಿಯಲ್ಲಿ ಬೆರಳು ಎಳೀತಿದ್ದೆ. ಹೊತ್ತು ಇಳಿದ್ರೆ ಅವರು ನಿನ್ನ ಕೈ ಹಿಡಿದು ಬಸ್ಸಿಗೆ ಹೋಗುದು. ನಿನ್ನನ್ನು ಕಂಡ್ರೆ ನನಗೆ ಹೊಟ್ಟೆ ಉರೀತಿತ್ತು ಮಾರಾಯ. ಕೊನೆಗೂ ನೀನೇ ಅಂತ ಆದಾಗ ತಡೆಯಲಿಕ್ಕೆ ಆಗಲಿಲ್ಲ. ಅವರು ನಿಲ್ಲಿಸುವವರೆಗೆ ಅಲ್ಲಿಯೇ ಕೂತೆ."

ಗ್ರಂಥದ ಸೊನ್ನೆಗಳಿಗೆಲ್ಲ ಉತ್ತರ ಆ ದಿನವೇ ಹೋಗಿಬಿಟ್ಟಿತ್ತು. ಅಪ್ಪ ನನ್ನನ್ನು ಕರೆದದ್ದು ಅದನ್ನು ಕೊಡುವುದಕ್ಕೋ, ಸರಿಪಡಿಸಿದ ಪಾಠದ ಪ್ರಕಾರ ಬೆಚ್ಚಿದ ಮಗುವನ್ನು ಕೊನೆಗೊಮ್ಮೆ ಕರೆದು ನೋಡುವುದಕ್ಕೋ, ಅದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಸಿಟ್ಟು ಬರಬೇಕಿತ್ತು, ಅವನ ಕಾಲರು ಹಿಡಿಯಬೇಕಿತ್ತು. ಅವಕ್ಕೆಲ್ಲ ಮೊದಲು ನನ್ನ ಬಾಯಿಂದ ಬಂದದ್ದು ಬೇರೆ.

"ಹೇಗೆ ಕರೆದರು?"

"ಹೇಗೆ ಅಂದ್ರೆ?"

"ಅವರು ಕರೆದ ಹಾಗೆಯೇ ಒಮ್ಮೆ ಕರೆದು ತೋರಿಸು."

ಭಾವ ಬಾಯಿ ತೆರೆದ. ತುಟಿ ಅಲ್ಲಾಡಿತು, ಸ್ವರ ಹೊರಡಲಿಲ್ಲ. ತಲೆ ಅಲ್ಲಾಡಿಸಿ, "ನನ್ನ ಬಾಯಲ್ಲಿ ಅದು ಬರುದಿಲ್ಲ ಭಾವ" ಎಂದು ಎದ್ದು ಹೋದ.

ಕಟ್ಟು ಈಗ ನನ್ನ ಕಪಾಟಿನಲ್ಲಿದೆ. ಬೇಕಾದಾಗ ಮುಟ್ಟುತ್ತೇನೆ, ಬೇಕಾದಾಗ ಓದುತ್ತೇನೆ. ಅದರ ಮೇಲೆ ನನಗೀಗ ಆಸೆಯಿಲ್ಲ. ಭಾವನ ಮೇಲಿನ ಹೊಟ್ಟೆಕಿಚ್ಚು ಮಾತ್ರ ಆರಿಲ್ಲ, ಆ ಆದಿತ್ಯವಾರದ ಮೇಲೆ ಹೆಚ್ಚಾಗಿದೆ. ಅಪ್ಪನ ಬಾಯಲ್ಲಿ ನನ್ನ ಹೆಸರು ಹೇಗೆ ಕೇಳಿಸುತ್ತದೆ ಎಂದು ಗೊತ್ತಿರುವವನು ಈ ಲೋಕದಲ್ಲಿ ಅವನೊಬ್ಬನೇ.